ಕೊನೆಯ ಶಾಟಿಗೆ ಹಳೆಯ ಹಲ್ಲು

ನನ್ನ ತಮ್ಮ ಒಂದು ಸಿನಿಮಾ ಮಾಡುತ್ತಿದ್ದಾನೆ. ಎಂಟು ವರ್ಷದಿಂದ ಅದೊಂದನ್ನೇ ಮಾಡುತ್ತಿದ್ದಾನೆ. ಅದು ಮುಗಿಯುವ ಲಕ್ಷಣವೇ ಕಾಣದಿದ್ದಾಗ, ಮುಗಿಸಲು ಅವನು ಪಡುವ ಪಾಡಿನ ಮೇಲೆ ಡಾಕ್ಯುಮೆಂಟರಿ ತೆಗೆಯುತ್ತೇನೆಂದು ಒಬ್ಬಳು ಬಂದಳು. ಕನಸಿನ ಬೆನ್ನು ಹತ್ತಿದ ಒಂಟಿ ನಿರ್ದೇಶಕ ಎಂದು ಎಲ್ಲೋ ಬರೆದುಕೊಟ್ಟು ಒಪ್ಪಿಗೆ ಪಡೆದಿದ್ದಳಂತೆ. ಒಂಟಿಯಂತೆ, ಒಂಟಿ! ನಮ್ಮ ಮನೆಯಲ್ಲಿ ಊಟಕ್ಕೆ ಮೂರು ತಟ್ಟೆ ಬೀಳುತ್ತವೆ. ಮೊದಲು ಖಾಲಿಯಾಗುವುದು ಆ ಒಂಟಿಯದು.

ಮೂರು ತಟ್ಟೆ ಎಂದರೆ ಅಮ್ಮ, ನಾನು, ಅವನು. ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಒಂದು ಕೋಣೆ ಅಮ್ಮನಿಗೂ ನನಗೂ, ಇನ್ನೊಂದು ಅವನ ಹಾರ್ಡ್ ಡಿಸ್ಕುಗಳಿಗೆ. ಅವುಗಳ ಮಧ್ಯೆ ಎಲ್ಲೋ ಅವನೂ ಮಲಗುತ್ತಾನೆ. ನಾನು ಹಲ್ಲಿನ ಸೆಟ್ಟು ಮಾಡುವವಳು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಒಸಡು ಮಾಡಿ, ಉಜ್ಜಿ ಹೊಳಪು ಕೊಟ್ಟು ವಾಪಸ್ ಕಳಿಸುತ್ತೇನೆ. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ನನ್ನ ಮೇಲೆ ಯಾರೂ ಡಾಕ್ಯುಮೆಂಟರಿ ಮಾಡಿಲ್ಲ. ಮಾಡುವುದಕ್ಕೆ ಅದರಲ್ಲಿ ಏನೂ ಇಲ್ಲ, ನನ್ನ ಕೆಲಸ ಮುಗಿಯುತ್ತದೆ.

ಡಾಕ್ಯುಮೆಂಟರಿಯವಳಿಗೆ ನಾನು ಬಾಲ ಎಂದು ಹೆಸರಿಟ್ಟಿದ್ದೆ. ಅವನು ಎದ್ದರೆ ಎದ್ದಳು, ಕೂತರೆ ಕೂತಳು. ಅವನು ಕಿಟಕಿಯಾಚೆ ನೋಡುತ್ತ ನಿಂತರೆ ಅವನ ಕಿವಿಯ ಪಕ್ಕದಲ್ಲಿ ಕ್ಯಾಮೆರಾ ಹಿಡಿದು ಇವಳೂ ನಿಂತಳು. ಅವಳು ಬಂದ ಮೇಲೆ ಅವನು ಕಿಟಕಿಯಾಚೆ ನೋಡುವುದು ಬಹಳ ಜಾಸ್ತಿಯಾಯಿತು. ಒಂದು ಸಲ ಅವನು ಬಟ್ಟೆ ಒಣಹಾಕುತ್ತಿರುವ ದೃಶ್ಯ ಬೇಕೆಂದಳು. ನನ್ನ ತಮ್ಮನಿಗೆ ನಮ್ಮ ಮನೆಯ ಕ್ಲಿಪ್ಪುಗಳು ಎಲ್ಲಿವೆ ಎಂದು ಗೊತ್ತಿರಲಿಲ್ಲ. ನಾನೇ ತಂದುಕೊಟ್ಟೆ, ಆಮೇಲೆ ನನ್ನನ್ನು ಸ್ವಲ್ಪ ಆಚೆ ನಿಲ್ಲಿ ಅಂದಳು.

ಇನ್ನು ಅವನ ಸಿನಿಮಾದ ವಿಷಯ. ಅದರ ನಾಯಕಿ ನಮ್ಮ ಅಮ್ಮ. ಬೇರೆ ಯಾರು ಎಂಟು ವರ್ಷ ಕರೆದಾಗಲೆಲ್ಲ ಬರುತ್ತಾರೆ? ಕಥೆ ಇಷ್ಟೇ. ಒಬ್ಬ ಹೆಂಗಸು, ಅವಳ ಮುಂದಿನ ಸಾಲಿನಲ್ಲಿ ಒಂದು ಹಲ್ಲಿನ ಮೇಲೆ ಇನ್ನೊಂದು ಹತ್ತಿ ಕೂತಿದೆ, ನಟ್ಟ ನಡುವೆ ದೊಡ್ಡ ಸಂದು. ನಗು ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಇಡೀ ಸಿನಿಮಾ ಅವಳು ಹಾಗೇ ನಗುತ್ತಾಳೆ. ಕೊನೆಯ ಶಾಟಿನಲ್ಲಿ ಕಿಟಕಿಯ ಹತ್ತಿರ ಕೂತು ನಗುತ್ತ ಕೈ ಇಳಿಸುತ್ತಾಳೆ. ಅಲ್ಲಿಗೆ ಮುಗಿಯಿತು. ಇದರಲ್ಲಿ ಅವನು ಸೃಷ್ಟಿ ಮಾಡಿದ್ದು ಕೊನೆಯದೊಂದೇ. ಉಳಿದದ್ದು ಅಮ್ಮನ ಬಾಯಿ, ಅಮ್ಮನ ಕೈ, ಅಮ್ಮನ ಜೀವನ. ನಮ್ಮ ಅಪ್ಪ ಇದ್ದಷ್ಟು ದಿನ ಅವಳನ್ನು ಗೇಟು ಅಂತ ಕರೆಯುತ್ತಿದ್ದರು. ನಾಲ್ಕು ಜನರೆದುರು ಅವಳು ನಕ್ಕರೆ, "ಗೇಟು ಹಾಕ್ಕೊಳ್ಳೇ" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು, ಕೈ ಅಡ್ಡ ಇಟ್ಟುಕೊಂಡು.

ಆ ಕೊನೆಯ ಶಾಟೊಂದು ಬಾಕಿ ಇತ್ತು. ಬೆಳಕು ಸರಿಯಿಲ್ಲ, ಮನಸ್ಸು ಸರಿಯಿಲ್ಲ, ಅಮ್ಮನ ಮುಖಕ್ಕೆ ಇನ್ನೂ ವಯಸ್ಸಾಗಬೇಕು ಎಂದು ಮುಂದೂಡುತ್ತಲೇ ಬಂದ. ಅಷ್ಟರಲ್ಲಿ ಅಮ್ಮನ ಒಸಡು ಕೆಟ್ಟು, ಇದ್ದ ಹಲ್ಲೆಲ್ಲ ಅಲ್ಲಾಡತೊಡಗಿದವು. ಡಾಕ್ಟರು ಎಲ್ಲವನ್ನೂ ಕೀಳಬೇಕು ಅಂದರು. ನಾನು ಅವನಿಗೆ ಹೇಳಿದೆ. ಅವನು ತಲೆಯಾಡಿಸಿದ. ಮೂರು ಸಲ ರಜೆ ಹಾಕಿ ನಾನೇ ಅಮ್ಮನನ್ನು ಕರೆದುಕೊಂಡು ಹೋಗಿ ಬಂದೆ. ಮೊದಲ ಎರಡು ಸಲ ಅವನ ಗಮನಕ್ಕೇ ಬರಲಿಲ್ಲ. ಅವನು ಅಮ್ಮನನ್ನು ನೋಡುವುದು ಕ್ಯಾಮೆರಾದಲ್ಲಿ ಮಾತ್ರ, ಆ ತಿಂಗಳು ಶೂಟಿಂಗ್ ಇರಲಿಲ್ಲ.

ಮೂರನೆಯ ಸಲ ನಾವು ಮೆಟ್ಟಿಲು ಹತ್ತಿ ಬಂದಾಗ ಅವನು ನಡುಮನೆಯಲ್ಲಿ ಬಾಲದ ಮುಂದೆ ಕೂತು, ಕಲಾವಿದ ಕಾಯುವುದನ್ನು ಕಲಿಯಬೇಕು ಎಂದು ಏನೋ ಹೇಳುತ್ತಿದ್ದ. ಅಮ್ಮ ಬಾಯಲ್ಲಿದ್ದ ಹತ್ತಿ ತೆಗೆದು, "ನೋಡೋ, ಎಲ್ಲಾ ಹೋಯ್ತು" ಎಂದು ಬಾಯಿ ತೆರೆದಳು.

ನನ್ನ ತಮ್ಮ ಎದ್ದುನಿಂತ. "ಅಯ್ಯೋ, ನನ್ನ ಕಂಟಿನ್ಯುಟಿ!" ಅಂದ.

ಕಂಟಿನ್ಯುಟಿ ಎಂದರೆ ಒಂದು ಶಾಟಿನಲ್ಲಿ ಇದ್ದದ್ದು ಇನ್ನೊಂದರಲ್ಲೂ ಹಾಗೇ ಇರಬೇಕು ಎನ್ನುವ ಸಿನಿಮಾದವರ ಕಟ್ಟುಪಾಡು. ಅಂಗಿಯ ಗುಂಡಿ, ಲೋಟದಲ್ಲಿನ ಚಹಾ, ತಾಯಿಯ ಹಲ್ಲು. ಅಮ್ಮನ ತುಟಿಯ ಮೂಲೆಯಲ್ಲಿ ಇನ್ನೂ ರಕ್ತ ಇತ್ತು. ನೋವಾಗ್ತಿದೆಯಾ ಅಂತ ಅವನ ಬಾಯಿಂದ ಬರಲಿಲ್ಲ. ಬಾಲ ಕ್ಯಾಮೆರಾದಿಂದ ತಲೆ ಎತ್ತಿ, "ಸರ್, ಸೌಂಡ್ ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ ಅದನ್ನೇ ಹೇಳ್ತೀರಾ?" ಅಂದಳು. ಅವನು ಹೇಳಿದ! ಕೂತು, ಮತ್ತೆ ಎದ್ದುನಿಂತು, ಮೊದಲಿಗಿಂತ ಚೆನ್ನಾಗಿ ಹೇಳಿದ. ಅಮ್ಮನಿಗೂ ಮತ್ತೆ ಬಾಯಿ ತೆರೆಯಲು ಹೇಳಿದರು. ಅವಳೂ ತೆರೆದಳು. ನಾನು ಕೈಯಲ್ಲಿದ್ದ ಔಷಧಿ ಚೀಟಿ ಟೇಬಲ್ಲಿಗೆ ಕುಕ್ಕಿ ಒಳಗೆ ಹೋದೆ. ಅವತ್ತಿನಿಂದ ಅವನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ.

ಒಸಡು ಮಾಗಲು ಮೂರು ತಿಂಗಳು ಬೇಕು. ಅಷ್ಟು ದಿನ ಅಮ್ಮ ಮೆತ್ತಗೆ ಬೇಯಿಸಿದ್ದನ್ನೇ ನುಂಗುತ್ತ ಬೊಚ್ಚು ಬಾಯಲ್ಲಿ ದಿನ ಎಣಿಸಿದಳು. ಒಂದು ದಿನ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಹಿಂದೆ ಬಂದು ನಿಂತಳು.

"ನನ್ನ ಸೆಟ್ಟು ನೀನೇ ತಾನೇ ಮಾಡೋದು?"

"ಇನ್ಯಾರು ಮಾಡ್ತಾರೆ?"

"ಹಂಗಾದ್ರೆ ಸಾಲಾಗಿಡೇ. ಒಂದ್ರ ಪಕ್ಕ ಒಂದು, ನೀಟಾಗಿ. ಸಂದು ಬೇಡ." ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. "ಎಪ್ಪತ್ತು ವರ್ಷಕ್ಕೆ ಇದೆಲ್ಲ ಯಾಕೆ ಇವಳಿಗೆ ಅಂತ ನಗ್ಬೇಡ ಮತ್ತೆ."

ನಾನು ನಗಲಿಲ್ಲ. ಇಪ್ಪತ್ತೊಂದು ವರ್ಷ ಊರವರ ಬಾಯಿಗೆಲ್ಲ ಹಲ್ಲು ಜೋಡಿಸಿದ್ದೇನೆ, ಅಮ್ಮನಿಗೆ ಹೀಗೊಂದು ಆಸೆ ಇದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳ ಅಚ್ಚು ಬಂದ ದಿನವೇ ಬೇರೆ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟೆ. ಲ್ಯಾಬಿನಲ್ಲಿದ್ದ ಒಳ್ಳೆಯ ಹಲ್ಲುಗಳನ್ನು ಆರಿಸಿದೆ. ತೀರಾ ಬಿಳಿಯಲ್ಲ, ಅವಳ ಮೈಬಣ್ಣಕ್ಕೆ ಒಪ್ಪುವ, ಹಾಲಿಗೆ ಒಂದು ತೊಟ್ಟು ಚಹಾ ಬಿದ್ದಂಥ ಬಣ್ಣ. ಅಷ್ಟು ಮನಸ್ಸಿಟ್ಟು ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಮೇಣದಲ್ಲಿ ಮುಂದಿನ ಆರು ಹಲ್ಲು ಕೂರಿಸುವಷ್ಟರಲ್ಲಿ ತಮ್ಮ ಲ್ಯಾಬಿಗೇ ಬಂದ. ಬಾಲವೂ ಬಂತು. ಉಜ್ಜುವ ಯಂತ್ರದ ಸದ್ದು, ಎಲ್ಲದರ ಮೇಲೂ ಗುಲಾಬಿ ಪುಡಿ, ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು. ಅವಳು "ವಾವ್" ಎಂದು ಆ ದವಡೆಗಳನ್ನು ಶೂಟ್ ಮಾಡತೊಡಗಿದಳು. ಅವನು ನನ್ನ ಮೇಜಿನ ಮೇಲಿದ್ದ ಮೇಣದ ಸಾಲನ್ನು ನೋಡಿ ಬೆಪ್ಪಾದ.

"ಇದೇನಕ್ಕಾ ಇದು? ಟೂತ್‌ಪೇಸ್ಟ್ ಜಾಹೀರಾತಿನ ಹಲ್ಲು ಇದ್ದಂಗಿದೆ."

"ಅಮ್ಮನ ಹಲ್ಲು."

"ಅಮ್ಮನ ಹಲ್ಲು ಹಿಂಗಿರಲಿಲ್ಲ. ಹಳೇ ತರಾನೇ ಮಾಡು. ಆ ಸಂದು, ಆ ವಕ್ರ, ಆ ಹಳದಿ, ಎಲ್ಲಾ ಹಂಗೇ ಬರ್ಬೇಕು. ಒಂದೇ ಶಾಟ್ ಬಾಕಿ ಇರೋದು."

ನನ್ನ ಮೈ ಉರಿದುಹೋಯಿತು. "ಅಪ್ಪ ಬರೀ ಬಾಯಲ್ಲಿ ಆಡ್ಕೊಂಡಿದ್ರು. ನೀನು ಅದನ್ನ ಅಚ್ಚು ಹಾಕಿಸಿ ಅವಳ ಬಾಯಿಗೆ ತುರುಕ್ಬೇಕು ಅಂತಿದ್ದೀಯ. ಎದ್ದು ನಡಿ ಆಚೆ."

"ಎಂಟು ವರ್ಷ ಅಕ್ಕಾ!"

"ಎಪ್ಪತ್ತು ವರ್ಷ ಕಣೋ!"

ಯಂತ್ರಗಳು ನಿಂತವು. ನಮ್ಮ ಲ್ಯಾಬಿನವರೆಲ್ಲ ತಿರುಗಿ ನೋಡಿದರು. ಬಾಲ ಮಾತ್ರ ಉಸಿರೆತ್ತದೆ ಒಂದು ಹೆಜ್ಜೆ ಹತ್ತಿರ ಬಂದಳು. ಅವನು ಆಗ ದನಿ ಇಳಿಸಿದ. ಎರಡು ಸೆಟ್ ಮಾಡು ಅಂದ. ಹಳೆಯದು ಒಂದು ದಿನಕ್ಕೆ, ಹೊಸದು ಜೀವಮಾನಕ್ಕೆ. ಆದರೆ ಮೊದಲು ಹಳೆಯದು, ಶೂಟಿಂಗ್ ಮುಗಿಯುವ ತನಕ ಹೊಸದನ್ನು ಕೊಡಬಾರದು. ಹೊಸ ಸೆಟ್ಟು ರೂಢಿಯಾದರೆ ತುಟಿ ಕೂರುವ ರೀತಿಯೇ ಬದಲಾಗುತ್ತದೆ, ಮುಖ ಬದಲಾಗುತ್ತದೆ ಎಂದ. ಅದು ನಿಜ. ಅದನ್ನು ಅವನಿಗೆ ಯಾವತ್ತೋ ಊಟದ ಹೊತ್ತಿನಲ್ಲಿ ಹೇಳಿಕೊಟ್ಟವಳು ನಾನೇ. ನಾನು ಹೇಳಿದ್ದರಲ್ಲಿ ಅವನು ನೆನಪಿಟ್ಟುಕೊಂಡಿದ್ದು ಇದೊಂದನ್ನೇ ಇರಬೇಕು.

ಒಪ್ಪುವುದಿಲ್ಲ ಎಂದೇ ಮನೆಗೆ ಬಂದೆ. ಅವನು ನನಗಿಂತ ಮೊದಲೇ ಅಮ್ಮನ ಕಿವಿಗೆ ಹಾಕಿ ಆಗಿತ್ತು. "ಒಂದು ದಿನ ತಾನೇ" ಅಂದಳು ಅಮ್ಮ. "ಅವನ್ದು ಮುಗೀಲಿ. ನಂದೇನು ಅವಸರ?" ಅವಸರ ಇಲ್ಲದವಳು ಬೆಳಿಗ್ಗೆ ಎದ್ದು ಹೊಸ ಸೆಟ್ಟು ಎಲ್ಲಿಗೆ ಬಂತು ಎಂದು ದಿನಾ ಕೇಳುತ್ತಿದ್ದಳು! ಇವರಿಬ್ಬರ ನಡುವೆ ನಾನು ಯಾವಾಗಲೂ ಹೀಗೇ. ಅವಳ ಪರವಾಗಿ ಅವನ ಜೊತೆ ಜಗಳಕ್ಕೆ ನಿಲ್ಲುತ್ತೇನೆ, ಅವಳು ಮೆಲ್ಲಗೆ ಅವನ ಪಕ್ಕ ಹೋಗಿ ಕೂರುತ್ತಾಳೆ. ಆಯಿತು, ಮಾಡಿಕೊಡುತ್ತೇನೆ ಅಂದೆ. ಆದರೆ ಒಂದು ದಿನ, ಒಂದು ಶಾಟು, ಸಂಜೆಯೊಳಗೆ ಹೊಸ ಸೆಟ್ಟು ಅವಳ ಬಾಯಲ್ಲಿ ಇರಬೇಕು ಎಂದು ಬಾಗಿಲು ಬಡಿದು ಹೇಳಿದೆ.

ಹಳೆಯ ಹಲ್ಲು ಮಾಡಲು ಹಳೆಯ ಹಲ್ಲು ನೋಡಬೇಕು. ಹಾಗಾಗಿ ಒಂದು ರಜೆಯ ಮಧ್ಯಾಹ್ನ ಅವನ ಕೋಣೆಯಲ್ಲಿ ಕೂತು ಅವನ ಸಿನಿಮಾ ನೋಡಿದೆ. ಎಂಟು ವರ್ಷದಲ್ಲಿ ಅದೇ ಮೊದಲು. ಅಮ್ಮನ ಬಾಯಿ ಕಾಣುವ ಚೂರುಗಳನ್ನು ಹುಡುಕಿ ನಿಲ್ಲಿಸಿ ಅಳತೆ ಬರೆದುಕೊಳ್ಳಬೇಕಿತ್ತು. ಬರೆದುಕೊಳ್ಳಲು ಆಗಲಿಲ್ಲ. ಅಮ್ಮ ಮೆಟ್ಟಿಲ ಮೇಲೆ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ, ಮಡಚಿದ ಬಟ್ಟೆಯನ್ನು ಮತ್ತೆ ಬಿಚ್ಚಿ ಮಡಚುತ್ತಾಳೆ, ಯಾರೋ ಏನೋ ಅಂದದ್ದಕ್ಕೆ ನಗುತ್ತ ಕೈ ಬಾಯಿಗೆ ತರುತ್ತಾಳೆ. ಅಷ್ಟೇ. ಆದರೆ ಆ ಕೈ ಮೇಲೆ ಹೋಗುವುದನ್ನು ನೋಡಿದಾಗಲೆಲ್ಲ ನನಗೆ ಅಪ್ಪನ ದನಿ ಕೇಳಿಸಿತು. ಒಂದೇ ಮನೆಯಲ್ಲಿ ಇದ್ದೂ ನಾನು ನೋಡದ ಅಮ್ಮನನ್ನು ಅವನು ನೋಡಿದ್ದ. ಸಿನಿಮಾ ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಎಂಟು ವರ್ಷದ ನನ್ನ ಸಿಟ್ಟಿಗೆ ಕಾಲಿಡಲು ಜಾಗವೇ ಇಲ್ಲದ ಹಾಗಾಯಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಹೇಗಿದೆ ಅಕ್ಕಾ?" ಎಂದು ಬಾಗಿಲಲ್ಲಿ ನಿಂತು ಕೇಳಿದ. ಆಗ ಬಾಲ ಇರಲಿಲ್ಲ. ಅವನ ದನಿ ಚಿಕ್ಕಂದಿನಲ್ಲಿ ಚಿತ್ರ ಬರೆದು ತಂದು ತೋರಿಸುವಾಗಿನ ದನಿಯೇ ಆಗಿತ್ತು.

"ಹಲ್ಲು ಸರಿಯಾಗಿ ಕಾಣ್ತಿಲ್ಲ" ಎಂದು ಎದ್ದು ಬಂದೆ.

ಹಳೆಯ ಸೆಟ್ಟನ್ನು ಒಂಬತ್ತು ದಿನ ಮಾಡಿದೆ. ಒಳ್ಳೆಯ ಹಲ್ಲುಗಳನ್ನು ಅರದಿಂದ ಕೆಡಿಸಿ, ಒಂದನ್ನು ಇನ್ನೊಂದರ ಮೇಲೆ ಹತ್ತಿಸಿ, ಸಂದು ಬಿಟ್ಟು, ಬುಡದಲ್ಲಿ ಕಂದು ಬಣ್ಣ ಹಚ್ಚಿದೆ. ನಮ್ಮ ಕೆಲಸದಲ್ಲಿ ವಕ್ರ ಬಂದರೆ ಒಡೆದು ಹೊಸದು ಮಾಡುತ್ತೇವೆ. ನಾನು ವಕ್ರ ಬರಲಿಲ್ಲ ಎಂದು ಎರಡು ಸಲ ಒಡೆದೆ. ಲ್ಯಾಬಿನ ಹಿರಿಯರು ಕನ್ನಡಕ ಏರಿಸಿ ನೋಡಿ, "ಯಾರಮ್ಮಾ ನಿನಗಾಗದವರು?" ಎಂದು ಕೇಳಿದರು. ಹೊಸ ಸೆಟ್ಟು ಅದಕ್ಕೂ ಮೊದಲೇ ಮುಗಿದು ಡಬ್ಬಿಯಲ್ಲಿ ಕೂತಿತ್ತು.

ಶೂಟಿಂಗ್ ಮಧ್ಯಾಹ್ನ ಮೂರಕ್ಕೆ, ನಡುಮನೆಯ ಕಿಟಕಿಯ ಹತ್ತಿರ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ. ಅವನ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಬಾಲದ ಕ್ಯಾಮೆರಾ ಅವಳ ಕೈಯಲ್ಲಿ. ಲ್ಯಾಬಿನಿಂದ ಓಡಿ ಬಂದ ನಾನು ಅದೇ ಬಿಳಿ ಕೋಟಿನಲ್ಲಿ ಗೋಡೆಗೆ ಒರಗಿ ನಿಂತಿದ್ದೆ. ಅಮ್ಮನ ಬಾಯಿಗೆ ಹಳೆಯ ಸೆಟ್ಟು ಹಾಕಿದೆ. ಕರಾರುವಾಕ್ಕಾಗಿ ಕೂತಿತು. ಅವಳು ಕನ್ನಡಿ ಕೇಳಿ ನೋಡಿಕೊಂಡಳು.

"ಓ, ಮತ್ತೆ ಬಂತಾ ಇದು" ಅಂದಳು. ಕೈ ಆಗಲೇ ಬಾಯಿಯ ಹತ್ತಿರ ಹೋಗಿತ್ತು.

ಅವಳು ನಗಬೇಕು, ನಗುತ್ತ ಕೈ ಇಳಿಸಬೇಕು. ನಕ್ಕಳು. ಕೈ ಇಳಿಯಲಿಲ್ಲ. ಕಟ್. ಮತ್ತೆ ನಕ್ಕಳು, ಕೈ ಎದೆಯ ತನಕ ಇಳಿಯುವಷ್ಟರಲ್ಲಿ ತುಟಿ ಮುಚ್ಚಿದಳು. ಕಟ್. ಬಾಯಿ ತೆಗಿ ಅಂದರೆ ನಗು ನಿಂತಿತು, ನಗು ಅಂದರೆ ಕೈ ಎದ್ದಿತು. ಹದಿನಾಲ್ಕು ಸಲ ಆಯಿತು. ಬಿಸಿಲು ಕಿಟಕಿಯಿಂದ ಅಮ್ಮನ ಭುಜಕ್ಕೆ, ಭುಜದಿಂದ ಕುರ್ಚಿಯ ಕೈಗೆ ಜಾರಿತು.

"ಕೈ ತೆಗಿಯಮ್ಮಾ! ಕೈ! ಒಂದು ಕೈ ಇಳಿಸೋಕೆ ಬರಲ್ವಾ ನಿಂಗೆ?" ಎಂದು ಕೂಗಾಡಿದ. "ನಿನ್ನ ಒಂದು ನಗುಗೋಸ್ಕರ ಎಂಟು ವರ್ಷ ಹಾಳು ಮಾಡ್ಕೊಂಡಿದ್ದೀನಿ ನಾನು! ಕಟ್! ಕಟ್!" ಕ್ಯಾಮೆರಾ ಆರಿಸಿ, ತಲೆ ಹಿಡಿದುಕೊಂಡು ಅವಳ ಮುಂದೆ ಬಂದು ನಿಂತ.

ಅಮ್ಮ ಅವನನ್ನೇ ನೋಡಿದಳು. ಬಾಯಿಗೆ ಬೆರಳು ಹಾಕಿ ಸೆಟ್ಟು ಕಿತ್ತು ತೆಗೆದಳು. ಅವನ ಕೈ ಎಳೆದು ಅಂಗೈ ಮೇಲೆ ಇಟ್ಟಳು. "ತಗೋ. ಇಷ್ಟು ಬೇಕಾದ್ರೆ ನೀನೇ ಹಾಕ್ಕೊಂಡು ನಗು" ಅಂದಳು.

ಒದ್ದೆ ಹಲ್ಲು ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ಅವನು ನಿಂತ. ಆ ಮುಖ ನೋಡಿ ಅಮ್ಮನಿಗೆ ನಗು ಬಂತು. ಸಣ್ಣಗೆ ಶುರುವಾಗಿ ತಡೆಯಲಾಗದ ನಗು. ಎರಡೂ ಕೈ ಮೊಣಕಾಲ ಮೇಲೆ ಊರಿ, ಬೊಚ್ಚು ಬಾಯಿ ಪೂರ್ತಿ ತೆರೆದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಕೈ ಒಂದು ಇಂಚೂ ಮೇಲೇಳಲಿಲ್ಲ. ನಾನು ಹುಟ್ಟಿದಾಗಿನಿಂದ ನಮ್ಮಮ್ಮ ನಗುವುದನ್ನು ಅವತ್ತೇ ನೋಡಿದ್ದು. ನನಗೂ ನಗು ಬಂತು, ಅಳುವೂ ಬಂತು.

ಅವನು ಗಕ್ಕನೆ ತನ್ನ ಕ್ಯಾಮೆರಾದ ಕಡೆ ತಿರುಗಿದ. ಆರಿತ್ತು. ಓಡಿಹೋಗಿ ಹಾಕುವಷ್ಟರಲ್ಲಿ ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬಾಲದ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು.

"ಸಿಕ್ತಾ ನಿನಗೆ?" ಅಂದ.

ಅವಳು ತಲೆಯಾಡಿಸಿದಳು. ಅವಳ ಮುಖ ಹೊಳೆಯುತ್ತಿತ್ತು.

"ಅದನ್ನ ನಂಗೆ ಕೊಡು. ಅದೇ ನನ್ನ ಕೊನೇ ಶಾಟ್."

"ಸಾರಿ ಸರ್. ಅದು ನನ್ನ ಫಿಲ್ಮಿನ ಕೊನೇ ಶಾಟ್."

"ನಮ್ಮಮ್ಮ ಅವಳು!"

"ತೆಗೆದಿದ್ದು ನಾನು. ಎಂಟು ವರ್ಷ ಕಾದ ನಿರ್ದೇಶಕ, ಆ ಕ್ಷಣ ಬಂದಾಗ ಅವನ ಕ್ಯಾಮೆರಾ ಆಫ್. ಇದಕ್ಕಿಂತ ಏನು ಬೇಕು ಸರ್? ನೀವೇ ಹೇಳಿ."

ಅವನು ಅವಳ ಕ್ಯಾಮೆರಾಕ್ಕೆ ಕೈ ಹಾಕಲು ಹೋದ. ಅವಳು ಹಿಂದೆ ಸರಿದಳು, ಶೂಟ್ ಮಾಡುತ್ತಲೇ ಸರಿದಳು. ಒಂದು ವರ್ಷದಿಂದ ಅವಳ ಮುಂದೆ ಕಿಟಕಿಯಾಚೆ ನೋಡುತ್ತ ನಿಂತವನಿಗೆ ಈಗ ಎಲ್ಲಿ ನೋಡಬೇಕೆಂದು ಗೊತ್ತಾಗಲಿಲ್ಲ. ನನಗೆ ಅವನನ್ನು ಕಂಡು ಅಯ್ಯೋ ಅನ್ನಿಸಿತು. ಒಂದೇ ಒಂದು ನಿಮಿಷ. ಯಾಕೆಂದರೆ ಮರುನಿಮಿಷಕ್ಕೆ ಅವನು ಅಮ್ಮನ ಮುಂದೆ ಮಂಡಿಯೂರಿ ಕೂತ.

"ಅಮ್ಮಾ, ಇನ್ನೊಂದ್ಸಲ. ಈಗ ನಕ್ಕಿದ್ದೆಯಲ್ಲ, ಹಂಗೇ. ಹಲ್ಲು ಬೇಡ, ಬೊಚ್ಚು ಬಾಯೇ ಇರಲಿ. ಇನ್ನೊಂದೇ ಒಂದ್ಸಲ."

ಕ್ಯಾಮೆರಾ ಹಾಕಿದ. ಅಮ್ಮ ಕಷ್ಟಪಟ್ಟು ಬಾಯಿ ತೆರೆದಳು. ನಗು ಬರಲಿಲ್ಲ. ಹಾ ಹಾ ಎಂದು ಬಾಯಲ್ಲಿ ಶಬ್ದ ಮಾಡಿದಳು. ಎತ್ತಲು ಹೊರಟ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದಳು. ಖಾಲಿ ಬಾಯಿ ಹಾಗೇ ತೆರೆದಿತ್ತು, ದವಡೆ ನಡುಗುತ್ತಿತ್ತು. "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಮ್ಮಾ" ಎಂದು ಇವನು ಗೋಗರೆಯುತ್ತಿದ್ದ. ಪಕ್ಕದಿಂದ ಬಾಲ ಆ ಬಾಯಿಯ ಹತ್ತಿರಕ್ಕೆ ಬರುತ್ತಿದ್ದಳು.

ನನಗೆ ಸಹಿಸಲಾಗಲಿಲ್ಲ. ಹೋಗಿ ಅಮ್ಮನ ಮುಂದೆ ಅಡ್ಡ ನಿಂತೆ. ಬೆನ್ನು ಎರಡು ಕ್ಯಾಮೆರಾಗಳ ಕಡೆಗೆ, ಮುಖ ಅಮ್ಮನ ಕಡೆಗೆ.

"ಅಕ್ಕಾ, ಫ್ರೇಮಿಂದ ಆಚೆ ಹೋಗು!" ತಮ್ಮ ಕಿರುಚಿದ.

"ಹೋಗಲ್ಲ" ಅಂದೆ. "ಬೇಕಾದ್ರೆ ನನ್ನ ಬೆನ್ನು ತೆಗ್ದು ಹಾಕ್ಕೋ ನಿನ್ನ ಸಿನಿಮಾಗೆ." ಅವತ್ತು ಯಾರು ಬಂದು ಎಳೆದಿದ್ದರೂ ನಾನು ಕದಲುತ್ತಿರಲಿಲ್ಲ. ಆ ಬಾಯಿ ಮುಚ್ಚುವ ತನಕ ನಿಲ್ಲುತ್ತೇನೆ ಎಂದು ಹಲ್ಲು ಕಚ್ಚಿ ನಿಂತಿದ್ದೆ.

ಅಮ್ಮ ಬಾಯಿ ಮುಚ್ಚಿದಳು. ಎಂಜಲು ನುಂಗಿದಳು. ನನ್ನ ಕೋಟಿನ ತುದಿ ಹಿಡಿದು ಮೆಲ್ಲಗೆ ಪಕ್ಕಕ್ಕೆ ಎಳೆದಳು.

"ಸ್ವಲ್ಪ ಜರುಗೇ" ಅಂದಳು. "ಬಿಸಿಲು ಹೋಗುತ್ತೆ. ಪಾಪ, ಅವನಿಗೆ ಬೇಕಂತೆ."

ನಾನು ಜರುಗಿದೆ. ಎರಡು ಹೆಜ್ಜೆ.

ಬಾಲದ ಡಾಕ್ಯುಮೆಂಟರಿ ಈಗ ಊರೂರಲ್ಲಿ ಓಡುತ್ತಿದೆ. ಒಂದು ಸಲ ನಮ್ಮನ್ನೂ ಕರೆದಿದ್ದರು. ಅದರ ಕೊನೆಯಲ್ಲಿ ಅಮ್ಮನ ಆ ನಗು ಇಲ್ಲ. ಅದಕ್ಕಿಂತ ಒಳ್ಳೆಯದು ಸಿಕ್ಕಿತು ಅಂದಳು ಬಾಲ. ಪರದೆಯ ತುಂಬ ಒಂದು ಬಿಳಿ ಕೋಟಿನ ಬೆನ್ನು, ಬೇರೇನೂ ಕಾಣುವುದಿಲ್ಲ. ಅಮ್ಮನ ದನಿ ಕೇಳಿಸುತ್ತದೆ. ಬೆನ್ನು ಪಕ್ಕಕ್ಕೆ ಸರಿಯುತ್ತದೆ. ಬೊಚ್ಚು ಬಾಯಿ ತೆರೆದುಕೊಂಡು ತನ್ನ ಕೈಯನ್ನು ತಾನೇ ಹಿಡಿದುಕೊಂಡ ಒಬ್ಬ ಮುದುಕಿ ಕಾಣುತ್ತಾಳೆ. ಅಲ್ಲಿ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ ತಮ್ಮನೂ ತಟ್ಟಿದ, ಅವನ ಪಕ್ಕದಲ್ಲಿ ಅಮ್ಮನೂ. ಚಪ್ಪಾಳೆ ಬಿದ್ದದ್ದು ನಾನು ಸರಿದದ್ದಕ್ಕೆ.